ಒಂದು ಗೆರೆಯೋ ಎರಡು ಗೆರೆಯೋ? ಮೊದಲು ಎಣಿಸಿ, ಆಮೇಲೆ ಬರೆಯಿರಿ

ದಾವಣಗೆರೆಯ ಯಾವುದೇ ಎಸ್‌ಎಸ್‌ಎಲ್‌ಸಿ ಟ್ಯೂಷನ್ನಿಗೆ ಹೋಗಿ, ಕಾರ್ಬನ್ ಡೈಆಕ್ಸೈಡ್‌ನ ಚುಕ್ಕಿ ಚಿತ್ರ (ಲೂಯಿಸ್ ರಚನೆ) ಬರೆಯಲು ಹೇಳಿ. ಇದರಲ್ಲಿ ಚುಕ್ಕಿ ಅಂದರೆ ಎಲೆಕ್ಟ್ರಾನ್, ಗೆರೆ ಅಂದರೆ ಪರಮಾಣುಗಳ ನಡುವಿನ ಬಂಧ. ಸಾಮಾನ್ಯವಾಗಿ ಒಂದೊಂದು ಪರಮಾಣುವಿನ ಸುತ್ತ 8 ಎಲೆಕ್ಟ್ರಾನ್ ಆಗಬೇಕು. ನಡುವೆ ಕಾರ್ಬನ್, ಅಕ್ಕಪಕ್ಕ ಆಕ್ಸಿಜನ್, ಒಂದೊಂದೇ ಗೆರೆ, ಸುತ್ತ ಕಂಡಲ್ಲೆಲ್ಲ ಚುಕ್ಕಿ. ಎಂಟೆಂಟು ಇದೆ ಅಲ್ವಾ ಸರ್ ಅಂತಾರೆ. ಇದೆ, ಆದರೂ ತಪ್ಪು.

ಮೊದಲ ಹೆಜ್ಜೆ ಸುಲಭ. ಹೊರಕವಚದಲ್ಲಿ ಹೈಡ್ರೋಜನ್‌ಗೆ 1, ಕಾರ್ಬನ್‌ಗೆ 4, ನೈಟ್ರೋಜನ್‌ಗೆ 5, ಆಕ್ಸಿಜನ್‌ಗೆ 6, ಕ್ಲೋರಿನ್‌ಗೆ 7 ಎಲೆಕ್ಟ್ರಾನ್. ಬಾಯಿಪಾಠ ಮಾಡಿಬಿಡಿ.

ಎರಡನೆಯದು, ಒಟ್ಟು ಕೂಡಿಸುವುದು. ಇಲ್ಲಿ 4+6+6, ಅಂದರೆ 16. ಪುಟದ ಮೂಲೆಯಲ್ಲಿ ಬರೆದು ಸುತ್ತು ಹಾಕಿ. ಪೆನ್ಸಿಲ್ಲೇ ಹಿಡಿಯಿರಿ. ಎರಡು ಬಣ್ಣದ ಸ್ಕೆಚ್ ಪೆನ್ ಬೇಡ. ಹಂಚಿಕೊಂಡ ಮೇಲೆ ಯಾವ ಎಲೆಕ್ಟ್ರಾನ್ ಯಾರದು ಎಂಬ ಭೇದವೇ ಇಲ್ಲ.

ನಡುವಿನ ಜಾಗ ಕಾರ್ಬನ್‌ಗೆ. ಹೈಡ್ರೋಜನ್‌ನ ಕವಚ 2ಕ್ಕೇ ತುಂಬುತ್ತದೆ, ಅದನ್ನು ಯಾವಾಗಲೂ ಅಂಚಿಗೆ ಹಾಕಿ.

ಈಗ ಎಲ್ಲರೂ ಎಡವುವ ಜಾಗ. ಕಾರ್ಬನ್‌ನಿಂದ ಎರಡೂ ಆಕ್ಸಿಜನ್‌ಗೆ ಒಂದೊಂದು ಗೆರೆ ಎಳೆಯಿರಿ. ಒಂದು ಗೆರೆ ಅಂದರೆ ಇಬ್ಬರೂ ಹಂಚಿಕೊಂಡ 2 ಎಲೆಕ್ಟ್ರಾನ್. 4 ಖರ್ಚಾಯಿತು, 12 ಉಳಿಯಿತು. ಅದನ್ನು ಮೊದಲು ಅಂಚಿನವರಿಗೆ ಕೊಡಿ, ತಲಾ 6. ಆಕ್ಸಿಜನ್‌ಗಳಿಗೆ ಎಂಟೆಂಟಾಯಿತು, ಕೈ ಖಾಲಿ. ಕಾರ್ಬನ್ ಸುತ್ತ ಮಾತ್ರ 4 ಇದೆ. ಮಕ್ಕಳು ಇಲ್ಲಿ ಸುಮ್ನೆ ಇನ್ನೂ ನಾಲ್ಕು ಚುಕ್ಕಿ ಇಟ್ಟುಬಿಡುತ್ತಾರೆ. ಎಣಿಸಿ ನೋಡಿ, 20 ಆಗುತ್ತದೆ. ಇದ್ದದ್ದೇ 16. ಹೊಸ ಚುಕ್ಕಿ ಇಡುವ ಹಾಗಿಲ್ಲ, ಇರುವುದನ್ನೇ ಸರಿಸಬೇಕು. ಒಂದೊಂದು ಆಕ್ಸಿಜನ್ ಮೇಲಿನ ಒಂದು ಜೋಡಿ ಚುಕ್ಕಿಯನ್ನು ನಡುವೆ ಎಳೆದು ಇನ್ನೊಂದು ಗೆರೆ ಮಾಡಿ. ಆ ಜೋಡಿ ಈಗ ಇಬ್ಬರ ಲೆಕ್ಕಕ್ಕೂ ಸೇರುತ್ತದೆ. ಆಕ್ಸಿಜನ್‌ಗೆ ನಷ್ಟವಿಲ್ಲ, ಕಾರ್ಬನ್‌ಗೆ 8. ಎರಡೂ ಕಡೆ ಎರಡೆರಡು ಗೆರೆ, ಅಂದರೆ ದ್ವಿಬಂಧ. ಒಟ್ಟು 16ರಲ್ಲೇ ಇದೆ.

ಎರಡು ಜೋಡಿಯನ್ನೂ ಒಂದೇ ಆಕ್ಸಿಜನ್‌ನಿಂದ ಎಳೆದರೂ ಲೆಕ್ಕ ಕೂಡುತ್ತದೆ. ಹಾಗೆ ಮಾಡಬೇಡಿ. ಈ ಅಣುವಿನ ಎರಡು ಬಂಧಗಳೂ ಸರಿಸಮ.

ಅಡ್ಡದಾರಿಯೂ ಇದೆ. ಬೇಕಾದ ಎಲೆಕ್ಟ್ರಾನ್‌ಗಳಲ್ಲಿ ಇರುವುದನ್ನು ಕಳೆದು 2ರಿಂದ ಭಾಗಿಸಿ. ಬಂದದ್ದೇ ಬಂಧಗಳ ಸಂಖ್ಯೆ. ಹಣ್ಣು ಮಾಗಿಸುವ ಎಥಿಲೀನ್ ತಗೊಳ್ಳಿ. ಎರಡು ಕಾರ್ಬನ್‌ಗೆ 16, ನಾಲ್ಕು ಹೈಡ್ರೋಜನ್‌ಗೆ 8, ಬೇಕಾದ್ದು 24. ಇರುವುದು 12. ಬಂಧ 6. ಹೈಡ್ರೋಜನ್‌ಗಳಿಗೆ 4 ಹೋದರೆ ಕಾರ್ಬನ್‌ಗಳ ನಡುವೆ 2. ಉತ್ತರ ತಾಳೆ ನೋಡಲು ಇದು ಸಾಕು, ಚಿತ್ರ ಬರೆಯುವುದನ್ನು ಬಿಡಬೇಡಿ.

ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಗುಂಡು-ಕಡ್ಡಿ ಸೆಟ್ಟಿಗೆ ದುಡ್ಡು ಹಾಕಬೇಡಿ. ಕಡ್ಡಿ ಬಾಗದಿದ್ದರೆ ದ್ವಿಬಂಧ ಕೂರುವುದೇ ಇಲ್ಲ.

ಇದೆಲ್ಲ ಅಡುಗೆಮನೆಯಲ್ಲೂ ಕಾಣುತ್ತದೆ. ಚಳ್ಳಕೆರೆಯ ಶೇಂಗಾ ಎಣ್ಣೆಯ ಕಾರ್ಬನ್ ಸರಪಳಿಗಳಲ್ಲಿ ದ್ವಿಬಂಧ ಜಾಸ್ತಿ. ಆ ಜಾಗದಲ್ಲಿ ಸರಪಳಿ ಬಾಗುತ್ತದೆ, ಒತ್ತಾಗಿ ಕೂರುವುದಿಲ್ಲ. ಹಾಗಾಗಿ ಎಣ್ಣೆ ಹರಿಯುತ್ತದೆ. ದೋಸೆಗೆ ಹಾಕುವ ಬೆಣ್ಣೆಯಲ್ಲಿ ಬರೀ ಏಕಬಂಧದ ನೆಟ್ಟಗಿನ ಸರಪಳಿಗಳೇ ಹೆಚ್ಚು, ಅದು ಗಟ್ಟಿ.

ಇನ್ನೊಂದು ಎಚ್ಚರಿಕೆ. ಬೋರಾನ್ ಟ್ರೈಫ್ಲೋರೈಡ್‌ಗೆ ಆ ಅಡ್ಡದಾರಿ ಹಿಡಿಯಬೇಡಿ. ಬೋರಾನ್ 6ಕ್ಕೇ ನಿಲ್ಲುತ್ತದೆ, ಸೂತ್ರ ಮಾತ್ರ ಒಂದು ಬಂಧ ಜಾಸ್ತಿ ತೋರಿಸುತ್ತದೆ. ಒಂದು ನೈಟ್ರೋಜನ್, ಒಂದು ಆಕ್ಸಿಜನ್ ಇರುವ ನೈಟ್ರಿಕ್ ಆಕ್ಸೈಡ್‌ನಲ್ಲಿ ಇರುವುದೇ 11 ಎಲೆಕ್ಟ್ರಾನ್. ಅಲ್ಲಿ ಎಷ್ಟು ಸರಿಸಿದರೂ ಒಂದು ಒಂಟಿಯಾಗಿಯೇ ಉಳಿಯುತ್ತದೆ.