ಎಸ್ಪೆರಾಂಟೊ ಮತ್ತು ಪೋಲಿಷ್: ಎರಡನ್ನೂ ನಾನು ಕಲಿತ ಬಗೆ

ಬೇರೆ ಬೇರೆ ನುಡಿಯವರು ಪರಸ್ಪರ ಮಾತನಾಡಲೆಂದು ಒಬ್ಬರು ಬೇಕೆಂದೇ ಕಟ್ಟಿದ ಭಾಷೆ ಎಸ್ಪೆರಾಂಟೊ. ಅದು ಹುಟ್ಟಿದ್ದು ಇಂದಿನ ಪೋಲೆಂಡಿನ ನೆಲದಲ್ಲಿ. 1859ರಲ್ಲಿ ಬ್ಯಾವಿಸ್ಟೊಕ್ ಊರಿನಲ್ಲಿ ಹುಟ್ಟಿದ ಕಣ್ಣಿನ ವೈದ್ಯ ಲುಡ್ವಿಕ್ ಜಾಮೆನ್‌ಹಾಫ್ ಈ ಭಾಷೆಯ ಮೊದಲ ಪುಸ್ತಕವನ್ನು 1887ರಲ್ಲಿ ವಾರ್ಸಾದಲ್ಲಿ ಹೊರತಂದರು. ಎರಡೂ ಊರುಗಳು ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದವು. ಈ ನಂಟಿನಿಂದಾಗಿ ಎಸ್ಪೆರಾಂಟೊ ಬಂದರೆ ಪೋಲಿಷ್ ಅರ್ಧ ಬಂದಂತೆಯೇ ಎಂದು ಹೇಳುವವರಿದ್ದಾರೆ. ನಾನು ಮೊದಲು ಎಸ್ಪೆರಾಂಟೊ ಕಲಿತೆ, ಆಮೇಲೆ ಕೆಲಸದ ನಿಮಿತ್ತ ಕ್ರಾಕೂಫ್ ನಗರಕ್ಕೆ ಬಂದು ಪೋಲಿಷ್ ಕಲಿತೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡಿಗರಿಗೆ ಎಸ್ಪೆರಾಂಟೊ ಪೋಲಿಷ್‌ಗಿಂತ ಕನ್ನಡಕ್ಕೇ ಹತ್ತಿರವಾಗಿ ಕಾಣುತ್ತದೆ.

ಒಂದು ಉದಾಹರಣೆ ನೋಡಿ. ಎಸ್ಪೆರಾಂಟೊದಲ್ಲಿ ‘ಅರ್ಬೊ’ ಎಂದರೆ ಮರ, ‘ಅರ್ಬೊಯ್’ ಎಂದರೆ ಮರಗಳು, ‘ಅರ್ಬೊಯ್ನ್’ ಎಂದರೆ ಮರಗಳನ್ನು. ಬಹುವಚನಕ್ಕೆ ಒಂದು ಪ್ರತ್ಯಯ, ಅದರ ಮೇಲೆ ದ್ವಿತೀಯಾ ವಿಭಕ್ತಿಗೆ ಇನ್ನೊಂದು. ನಾವು ಬಾಲ್ಯದಿಂದ ಮಾಡುತ್ತಾ ಬಂದಿರುವುದೂ ಇದನ್ನೇ. ಹೀಗಾಗಿ ನಾನು ಪದಪಟ್ಟಿ ಬಾಯಿಪಾಠ ಮಾಡಲಿಲ್ಲ. ಒಂದು ಧಾತುವನ್ನು ಹಿಡಿದು ಅದನ್ನು ಬೆಳೆಸುತ್ತಾ ಹೋದೆ. ‘ಸಾನ’ ಎಂದರೆ ಆರೋಗ್ಯವಂತ. ಮುಂದೆ ‘ಮಲ್’ ಸೇರಿಸಿದರೆ ಅರ್ಥ ತಿರುಗಿ ‘ಮಲ್‌ಸಾನ’, ಅಸ್ವಸ್ಥ. ವ್ಯಕ್ತಿಯನ್ನು ಸೂಚಿಸುವ ‘ಉಲ್’ ಸೇರಿದರೆ ‘ಮಲ್‌ಸಾನುಲೊ’, ರೋಗಿ. ಜಾಗವನ್ನು ಸೂಚಿಸುವ ‘ಎಯ್’ ಸೇರಿದರೆ ‘ಮಲ್‌ಸಾನುಲೆಯೊ’, ಆಸ್ಪತ್ರೆ. ಆಸ್ಪತ್ರೆ ಎಂಬ ಪದವನ್ನು ಯಾರೂ ಹೇಳಿಕೊಡದೆ ನಾನೇ ಕಟ್ಟಿದಾಗ ಆದ ಸಂತೋಷಕ್ಕಾಗಿಯೇ ಈ ಭಾಷೆಯನ್ನು ಬಿಡದೆ ಕಲಿತೆ.

ಪೋಲಿಷ್‌ನಲ್ಲಿ ಈ ಬಿಡಿಸಿ ಜೋಡಿಸುವ ಸುಖವಿಲ್ಲ. ಮರ ‘ಜೆವೊ’. ತೃತೀಯಾ ಏಕವಚನದಲ್ಲಿ ‘ಜೆವೆಮ್’, ಬಹುವಚನದಲ್ಲಿ ‘ಜೆವಾಮಿ’. ‘ಆಮಿ’ಯಲ್ಲಿ ಬಹುವಚನ ಯಾವುದು, ವಿಭಕ್ತಿ ಯಾವುದು ಎಂದು ಬೇರ್ಪಡಿಸಲು ಆಗದು, ಎರಡೂ ಕರಗಿ ಒಂದಾಗಿವೆ. ಇಂಥ ಏಳು ವಿಭಕ್ತಿಗಳು, ಮೂರು ಲಿಂಗಗಳು. ಕೋಷ್ಟಕ ಬರೆದು ಗೋಡೆಗೆ ಅಂಟಿಸುವುದರಿಂದ ಇದು ಬಾಯಿಗೆ ಬರುವುದಿಲ್ಲ.

ನಾನು ಹಿಡಿದ ದಾರಿ ಷಷ್ಠಿ ವಿಭಕ್ತಿಯದು. ಪಠ್ಯಪುಸ್ತಕದ ಕ್ರಮವನ್ನು ಬದಿಗಿಟ್ಟು ಅದನ್ನೇ ಮೊದಲು ಕಲಿತೆ, ಕಲಿತದ್ದು ಸ್ತಾರಿ ಕ್ಲೆಪಾಷ್ ಸಂತೆಯಲ್ಲಿ. ಕ್ರಾಕೂಫ್‌ನ ಹಳೆಯ ತರಕಾರಿ ಮಾರುಕಟ್ಟೆ ಅದು. ಎರಡು ಸೇಬು ‘ದ್ವಾ ಯಾಪ್ಕಾ’. ಮೂರು, ನಾಲ್ಕಕ್ಕೂ ‘ಯಾಪ್ಕಾ’ ಸಾಕು. ಐದು ಎಂದೊಡನೆ ಷಷ್ಠಿ ಬೇಕು: ‘ಪ್ಯೆಂಚ್ ಯಾಬ್ವೆಕ್’. ಹನ್ನೆರಡಕ್ಕೂ ‘ಯಾಬ್ವೆಕ್’, ಆದರೆ ಇಪ್ಪತ್ತೆರಡಕ್ಕೆ ಮತ್ತೆ ‘ಯಾಪ್ಕಾ’. ತೂಕದಲ್ಲಿ ಕೇಳಿದರೆ ‘ಕಿಲೊ ಯಾಬ್ವೆಕ್’, ಸೇಬು ಇಲ್ಲವೆಂದರೆ ‘ನ್ಯೆ ಮಾ ಯಾಬ್ವೆಕ್’. ಎಣಿಕೆ, ತೂಕ, ನಿರಾಕರಣೆ ಮೂರಕ್ಕೂ ಒಂದೇ ರೂಪ. ಊರಿಗೆ ಹೋಗುತ್ತೇನೆ ಎನ್ನುವಾಗಲೂ ಷಷ್ಠಿಯೇ: ‘ದೊ ಕ್ರಾಕೋವಾ’. ಹಾಗಾಗಿ ಟೊಮೆಟೊ, ಆಲೂಗಡ್ಡೆ, ಮೊಟ್ಟೆ ಯಾವುದನ್ನು ಕೊಂಡರೂ ಅದರ ಷಷ್ಠಿ ರೂಪವನ್ನು ಅಂಗಡಿಯಾಕೆಯ ಬಾಯಿಂದ ಕೇಳಿ, ಅಲ್ಲಿಯೇ ತಿರುಗಿ ಹೇಳಿ, ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ತರಕಾರಿ ಮಾರುವ ಹೆಂಗಸರು ತಿದ್ದುವಷ್ಟು ತಾಳ್ಮೆಯಿಂದ ಯಾವ ತರಗತಿಯಲ್ಲಿಯೂ ಯಾರೂ ನನ್ನನ್ನು ತಿದ್ದಿಲ್ಲ.

ಬರೆದುಕೊಂಡದ್ದು ಕನ್ನಡ ಲಿಪಿಯಲ್ಲಿ. ಇದನ್ನು ಪೋಲಿಷ್ ಕಲಿಯುವ ಕನ್ನಡಿಗರಿಗೆಲ್ಲ ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಮೂಲಕ ಕಲಿಯುವವರನ್ನು ಗೋಳಾಡಿಸುವ ಒಂದು ಭೇದ ನಮ್ಮ ಶಕಾರ ಷಕಾರಗಳಿಗೆ ಬಹಳ ಹತ್ತಿರ. ‘ಕಾಷಾ’ ಎಂದರೆ ಬೇಯಿಸಿದ ನುಚ್ಚು, ‘ಕಾಶಾ’ ಎಂದರೆ ಹುಡುಗಿಯ ಹೆಸರು. ಶಾಲೆಯಲ್ಲಿ ಮೇಷ್ಟರು ನಾಲಿಗೆ ಮಡಿಸಿ ಹೇಳಿಸಿದ ಷಕಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಸ್ಪೆರಾಂಟೊದಲ್ಲಿ ಈ ಜೋಡಿಯಿಲ್ಲ, ಒಂದೇ ಶಕಾರ. ಆದರೆ ಪದದ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಒತ್ತು ಬೀಳುವುದು ಎರಡರಲ್ಲಿಯೂ ಒಂದೇ. ಹೌದು, ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನು ಎಸ್ಪೆರಾಂಟೊ ‘ಚು’ ಎಂದು ಆರಂಭಿಸುತ್ತದೆ. ಅದು ಪೋಲಿಷ್‌ನ ‘ಚಿ’ಯಿಂದ ಬಂದದ್ದು. ಎಸ್ಪೆರಾಂಟೊದಿಂದ ಪೋಲಿಷ್‌ಗೆ ನನಗೆ ಸಿಕ್ಕ ನೆರವು ಬಹುಮಟ್ಟಿಗೆ ಇಷ್ಟೇ. ಅದರ ಶಬ್ದಸಂಪತ್ತಿನ ಬಹುಪಾಲು ಲ್ಯಾಟಿನ್ ಮೂಲದ್ದು.

ಗೌರವದ ಮಾತಿಗೆ ಬಂದರೆ ನನ್ನ ಒಲವು ಪೋಲಿಷ್ ಕಡೆಗೆ. ಎಸ್ಪೆರಾಂಟೊದಲ್ಲಿ ಮಗುವಿಗೂ ಮುದುಕರಿಗೂ ‘ವಿ’ ಒಂದೇ. ಪೋಲಿಷ್‌ನಲ್ಲಿ ಪರಿಚಯವಿಲ್ಲದ ಹೆಂಗಸನ್ನು ‘ಪಾನಿ’ ಎಂದು, ಕ್ರಿಯಾಪದವನ್ನು ಪ್ರಥಮ ಪುರುಷದಲ್ಲಿಟ್ಟು ಮಾತನಾಡಿಸಬೇಕು: ‘ಚಿ ಪಾನಿ ಮಾ ಯಾಪ್ಕಾ?’ (ನಿಮ್ಮಲ್ಲಿ ಸೇಬು ಇವೆಯೇ?) ಹಿರಿಯರನ್ನು ಏಕವಚನದಲ್ಲಿ ಕರೆದು ಅಭ್ಯಾಸವಿಲ್ಲದ ನನಗೆ ಇದು ಸಮಾಧಾನ ತಂದಿತು. ಆದರೆ ‘ಅವರು’ ಎನ್ನಲು ಪೋಲಿಷ್‌ನಲ್ಲಿ ಎರಡು ರೂಪಗಳಿವೆ: ಗಂಡಸೊಬ್ಬನಾದರೂ ಇರುವ ಗುಂಪಿಗೆ ‘ಒನಿ’, ಬರೀ ಹೆಂಗಸರಿಗೆ, ಪ್ರಾಣಿಗಳಿಗೆ, ವಸ್ತುಗಳಿಗೆ ‘ಒನೆ’. ಅವರು, ಅವು ಎಂದು ಮನುಷ್ಯರನ್ನೆಲ್ಲ ಒಂದು ಕಡೆ ಇಡುವ ನಮ್ಮ ವ್ಯಾಕರಣವೇ ನನಗೆ ಮೆಚ್ಚು.

ಪೋಲೆಂಡಿನಲ್ಲಿ ಬದುಕಬೇಕಾದವರು ನೇರವಾಗಿ ಪೋಲಿಷ್ ಕಲಿಯಲಿ. ಎಸ್ಪೆರಾಂಟೊವನ್ನು ಅದರ ಸಲುವಾಗಿಯೇ ಕಲಿಯಬೇಕು, ಅಲ್ಲಿ ಓದಲು ಬೇಕಾದಷ್ಟಿದೆ. ಪೋಲಿಷ್ ಕವಿ ಆದಂ ಮಿತ್ಸ್ಕ್ಯೆವಿಚ್ ಅವರ ‘ಪಾನ್ ತಾದೆಉಷ್’ ಕಾವ್ಯವನ್ನು ಆಂತೊನಿ ಗ್ರಾಬೊವ್ಸ್ಕಿ ಎಸ್ಪೆರಾಂಟೊಗೆ ತಂದಿದ್ದಾರೆ. ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಿದ್ದೇನೆ. ಎರಡೂ ‘ಲಿತ್ವೊ’ ಎಂದೇ ಆರಂಭವಾಗುತ್ತವೆ. ಲಿಥುವೇನಿಯಾಕ್ಕೆ ಪೋಲಿಷ್ ಹೆಸರು ‘ಲಿತ್ವಾ’; ಕವಿ ಅದನ್ನು ಕೂಗಿ ಕರೆಯುವುದರಿಂದ ಸಂಬೋಧನೆಯ ಒಕಾರ ಬಂದಿದೆ. ಎಸ್ಪೆರಾಂಟೊದಲ್ಲಿ ಸಂಬೋಧನಾ ವಿಭಕ್ತಿಯೇ ಇಲ್ಲ. ಅಲ್ಲಿರುವುದು ನಾಮಪದಗಳೆಲ್ಲಕ್ಕೂ ಇರುವ ಒಕಾರ.