‘ಇನ್ನೂ ಗೊತ್ತಾಗ್ತಿಲ್ಲ’ ಎಂದು ಹೇಳಲು ಕಲಿತೆ

ನಾನು ಡಾಕ್ಟರ್ ಆದ ಮೊದಲ ವರ್ಷ. ರಾತ್ರಿ ಡ್ಯೂಟಿಯಲ್ಲಿದ್ದಾಗ 11 ವರ್ಷದ ಹುಡುಗನೊಬ್ಬನನ್ನು ಹೊಟ್ಟೆನೋವು ಎಂದು ಕರೆತಂದರು. ಎಲ್ಲಿ ನೋವು ಎಂದು ಕೇಳಿದರೆ ಹೊಕ್ಕುಳ ಸುತ್ತ ಕೈಯಾಡಿಸಿದ. ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು. ‘ಗ್ಯಾಸ್ ಅಷ್ಟೇ, ಹೆದರಬೇಡಿ’ ಎಂದು ಮಾತ್ರೆ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಬಂದಾಗ ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಹುಡುಗ ಉಳಿದ. ‘ನೋವು ಜಾಸ್ತಿ ಆಗ್ತಾನೇ ಇತ್ತು. ಗ್ಯಾಸ್ ಅಂದಿದ್ರಲ್ಲ ಡಾಕ್ಟ್ರೇ, ಅದಕ್ಕೇ ಸುಮ್ನೆ ಕಾದ್ವಿ’ ಎಂದು ಅವನ ತಾಯಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಶುರುವಾಗುವುದೇ ಹಾಗೆ. ಮೊದಲು ಹೊಕ್ಕುಳ ಸುತ್ತ, ಕೆಲವು ಗಂಟೆ ಕಳೆದ ಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ಆ ರಾತ್ರಿ ಅದು ನನ್ನ ಕೈಗೆ ಸಿಗದೇ ಇರಬಹುದು. ಆದರೆ ಅಷ್ಟು ಖಾತ್ರಿಯಾಗಿ ಮಾತಾಡಿದ್ದು ತಪ್ಪು. ನನ್ನ ಮಾತೇ ಅವರನ್ನು ಮನೆಯಲ್ಲಿ ಕಟ್ಟಿಹಾಕಿತ್ತು.

ಆಮೇಲೆ ಕೆಲವು ಕಾಲ ಬಂದವರಿಗೆಲ್ಲ ಟೆಸ್ಟ್, ಸ್ಕ್ಯಾನ್ ಬರೆದೆ. ಅದೂ ದಾರಿಯಲ್ಲ. 1000 ಜನರಲ್ಲಿ ಒಬ್ಬರಿಗಿರುವ ಕಾಯಿಲೆಗೆ, ಆರೋಗ್ಯವಾಗಿರುವ 100 ಜನರಲ್ಲಿ 5 ಜನರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಟೆಸ್ಟನ್ನು ಆ 1000 ಜನರಿಗೂ ಮಾಡಿಸಿದರೆ, ಸುಮಾರು 50 ಜನ ಸುಮ್ಸುಮ್ನೆ ಹೆದರುತ್ತಾರೆ. ನಾರ್ಮಲ್ ರಿಪೋರ್ಟ್ ಕೂಡ ಮೋಸ ಮಾಡುತ್ತದೆ. ಹಾರ್ಟ್ ಅಟ್ಯಾಕ್ ಆದ ಮೊದಲ ಗಂಟೆಯಲ್ಲಿ ಇಸಿಜಿ, ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತದ ಟೆಸ್ಟ್) ಎರಡೂ ಸರಿಯಾಗಿರಬಹುದು. ಅದಕ್ಕೇ ಎದೆನೋವಿನವರನ್ನು ಇರಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತೇವೆ.

ಈಗ ನಾನು ಹೀಗೆ ಹೇಳುತ್ತೇನೆ: ‘ಇನ್ನೂ ಗೊತ್ತಾಗ್ತಿಲ್ಲ. ಗ್ಯಾಸ್ ಇರಬಹುದು, ಅಪೆಂಡಿಕ್ಸ್ ಶುರುವಾಗ್ತಿರಲೂಬಹುದು. ನೋವು ಬಲಗಡೆ ಇಳಿದ್ರೆ, ನಡೆಯುವಾಗ ಜಾಸ್ತಿ ಆದ್ರೆ, ವಾಂತಿ, ಜ್ವರ ಬಂದ್ರೆ ಎಷ್ಟು ಹೊತ್ತಾದ್ರೂ ಬನ್ನಿ. ಏನೂ ಆಗದಿದ್ರೂ ಬೆಳಿಗ್ಗೆ ಒಮ್ಮೆ ತೋರಿಸಿ.’ ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಮನೆಯವರ ಬಾಯಲ್ಲಿ ಒಮ್ಮೆ ಹೇಳಿಸುತ್ತೇನೆ. ಕೇಸ್ ಶೀಟಿನಲ್ಲೂ ‘ಹೊಟ್ಟೆನೋವು, ಕಾರಣ ತಿಳಿದಿಲ್ಲ’ ಎಂದೇ ಬರೆಯುತ್ತೇನೆ. ಕಾಯಿಲೆಗೆ ಹೆಸರಿಟ್ಟುಬಿಟ್ಟರೆ ಮುಂದಿನ ಡ್ಯೂಟಿಯವರು ಹುಡುಕುವುದನ್ನೇ ಬಿಡುತ್ತಾರೆ, ಅಲ್ವಾ?

ಗೊತ್ತಿಲ್ಲ ಎಂದರೆ ಜನ ನನ್ನನ್ನು ನಂಬುವುದಿಲ್ಲವೇನೋ ಎಂಬ ಭಯವಿತ್ತು. ಮೊನ್ನೆ ರಾತ್ರಿ ಮೂರು ಗಂಟೆಗೆ ಒಬ್ಬ ತಂದೆ ಮಗಳನ್ನು ಎತ್ತಿಕೊಂಡು ಬಂದರು. ಸಂಜೆ ನಾನು ಕೊಟ್ಟ ಚೀಟಿ ಕೈಯಲ್ಲೇ ಇತ್ತು. ಮಾತಾಡದೆ ಅದರಲ್ಲಿದ್ದ ‘ನೋವು ಬಲಗಡೆ ಇಳಿದ್ರೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.