ಡ್ಯಾಶ್ ಶೆಲ್ಲಿನ ಬಿಲ್ಟ್‌ಇನ್ ಕಮಾಂಡುಗಳನ್ನು ನಾನು ರಿಫ್ಯಾಕ್ಟರ್ ಮಾಡಿದ ಬಗೆ

ಶೆಲ್ ಎಂದರೆ ನಾವು ಬರೆದ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ. ಅಂಥದೊಂದಾದ ಡ್ಯಾಶ್ ಶೆಲ್ಲಿನ ಮೂಲಕೋಡಿನ ಒಂದು ಪ್ರತಿಯನ್ನು ನನ್ನ ಕಲಿಕೆಗೆಂದೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಬಿಲ್ಟ್‌ಇನ್ ಕಮಾಂಡುಗಳ (ಬೇರೆ ಪ್ರೋಗ್ರಾಂ ಆಗಿರದೆ ಶೆಲ್ಲಿನೊಳಗೇ ಇರುವ ಕಮಾಂಡುಗಳ) ಭಾಗವನ್ನು ರಿಫ್ಯಾಕ್ಟರ್ ಮಾಡಿದ, ಅಂದರೆ ನಡವಳಿಕೆ ಬದಲಿಸದೆ ಕೋಡಿನ ರಚನೆಯನ್ನು ತಿದ್ದಿದ ಕ್ರಮ ಇದು. ಡ್ಯಾಶ್‌ನ ಬೇರು ಕೆನೆತ್ ಆಲ್ಮ್‌ಕ್ವಿಸ್ಟ್ 1989ರಲ್ಲಿ ಹೊರತಂದ ಆ್ಯಶ್ ಶೆಲ್ಲಿನಲ್ಲಿದೆ. ಅದು ನೆಟ್‌ಬಿಎಸ್‌ಡಿಯ ಮೂಲಕ ಹಾದು, 1997ರಲ್ಲಿ ಹರ್ಬರ್ಟ್ ಷು ಅವರ ಕೈಯಿಂದ ಲಿನಕ್ಸ್‌ಗೆ ಬಂದು, 2002ರಲ್ಲಿ ಈಗಿನ ಹೆಸರನ್ನು ಪಡೆಯಿತು. ಉಬುಂಟು 6.10ರಿಂದ ವ್ಯವಸ್ಥೆಯ ಪೂರ್ವನಿಯೋಜಿತ ಶೆಲ್ (/bin/sh) ಇದೇ ಆಗಿರುವುದರಿಂದ, ಹೆಸರು ಕೇಳದವರ ಯಂತ್ರಗಳಲ್ಲಿಯೂ ಇದು ದಿನವೂ ಓಡುತ್ತಿರುತ್ತದೆ. ಕೋಡು ಚಿಕ್ಕದು, ಓದಲು ಹಿತವಾದದ್ದು. ಆದರೆ ಬಿಲ್ಟ್‌ಇನ್‌ಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಗ್ಲೋಬಲ್ ಚರಗಳ (ಕೋಡಿನ ಯಾವ ಭಾಗದಿಂದಲೂ ಓದಿ ಬರೆಯಬಹುದಾದ ಚರಗಳ) ಜಾಲವನ್ನು ಬಿಡಿಸದೆ ಯಾವ ಫಂಕ್ಷನ್ನನ್ನೂ ನೆಮ್ಮದಿಯಿಂದ ಮುಟ್ಟುವಂತಿಲ್ಲ.

ಸಿಡಿ, ಯುಮಾಸ್ಕ್, ರೀಡ್, ವೇಟ್ ಮುಂತಾದವು ಶೆಲ್ಲಿನ ಪ್ರೋಸೆಸ್ಸಿನೊಳಗೇ ನಡೆಯಬೇಕು, ಏಕೆಂದರೆ ಮಗು ಪ್ರೋಸೆಸ್ ತನ್ನ ಡೈರೆಕ್ಟರಿಯನ್ನು ಬದಲಿಸಿಕೊಂಡರೆ ತಾಯಿ ಪ್ರೋಸೆಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಒಳಗೇ ನಡೆಯುವುದರಿಂದ ಅವು ಶೆಲ್ಲಿನ ಸ್ಥಿತಿಯನ್ನು ನೇರವಾಗಿ ಮುಟ್ಟುತ್ತವೆ. ಡ್ಯಾಶ್‌ನಲ್ಲಿ ಪ್ರತಿ ಬಿಲ್ಟ್‌ಇನ್ನನ್ನೂ ಕರೆಯುವುದು ಇವಾಲ್‌ಬಿಲ್ಟಿನ್ ಎಂಬ ಫಂಕ್ಷನ್. ಅದು ದೋಷವಾದಾಗ ಮರಳುವ ಜಾಗವನ್ನು ಸಿ ಭಾಷೆಯ ಸೆಟ್‌ಜಂಪ್‌ನಿಂದ ಗುರುತು ಮಾಡಿಕೊಂಡು, ಕಮಾಂಡಿನ ಹೆಸರನ್ನು ಒಂದು ಗ್ಲೋಬಲ್‌ನಲ್ಲಿ, ಮುಂದಿನ ಆರ್ಗ್ಯುಮೆಂಟಿನ ಪಾಯಿಂಟರನ್ನು (ಸ್ಮರಣೆಯಲ್ಲಿನ ವಿಳಾಸವನ್ನು) ಇನ್ನೊಂದರಲ್ಲಿ ಇಟ್ಟು, ಆಪ್ಷನ್ ಓದುವ ಪಾಯಿಂಟರನ್ನು ಖಾಲಿ ಮಾಡಿದ ಮೇಲೆ ಬಿಲ್ಟ್‌ಇನ್ನಿಗೆ ನಿಯಂತ್ರಣ ಒಪ್ಪಿಸುತ್ತದೆ. ಇವಾಲ್, ಚುಕ್ಕಿ ಕಮಾಂಡು ಮೊದಲಾದವು ಇದೇ ದಾರಿಯಲ್ಲಿ ಮತ್ತೆ ಒಳಗೆ ಬರುತ್ತವೆ. ಎಲ್ಲರೂ ಒಂದೇ ಹಲಗೆಯ ಮೇಲೆ ಬರೆದು ಅಳಿಸುವಂತಿರುವ ಈ ಏರ್ಪಾಟು ಕೆಡದೆ ನಡೆಯುತ್ತಿರುವುದಕ್ಕೆ ಕಾರಣ ಒಂದೇ: ಒಳಗಿನ ಕರೆ ಮುಗಿದ ಮೇಲೆ ಹೊರಗಿನ ಬಿಲ್ಟ್‌ಇನ್ ಆ ಪಾಯಿಂಟರುಗಳನ್ನು ಮತ್ತೆ ನೋಡುವುದಿಲ್ಲ. ಈ ನಿಯಮವನ್ನು ಕಾಯುತ್ತಿರುವುದು ಬರೆದವರ ಎಚ್ಚರವೇ ಹೊರತು ಕಂಪೈಲರ್ ಅಲ್ಲ. ನಾನು ಬದಲಿಸಬಯಸಿದ್ದು ಇದನ್ನೇ.

ಕೋಡಿಗೆ ಕೈಹಾಕುವ ಮೊದಲು ಪರೀಕ್ಷೆಗಳನ್ನು ಬರೆದೆ. ರಿಫ್ಯಾಕ್ಟರಿಂಗ್‌ನಲ್ಲಿ ಪೋಸಿಕ್ಸ್ ಎಂಬ, ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡಕ್ಕಿಂತ ಬದಲಾಗದ ಹಳೆಯ ಬೈನರಿಯೇ (ಕಂಪೈಲ್ ಆದ ಪ್ರೋಗ್ರಾಮೇ) ಹೆಚ್ಚು ನಂಬಿಕೆಯ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಮಾನದಂಡ ಹೇಳದೆ ಬಿಟ್ಟ ಕಡೆಯಲ್ಲಿಯೂ ಹಳೆಯ ಸ್ಕ್ರಿಪ್ಟುಗಳು ಯಾವುದೋ ಒಂದು ನಡವಳಿಕೆಯನ್ನು ನೆಚ್ಚಿಕೊಂಡಿರುತ್ತವೆ. ಆದ್ದರಿಂದ ಒಂದೇ ತುಣುಕನ್ನು ಹಳೆಯ ಮತ್ತು ಹೊಸ ಬೈನರಿಗಳೆರಡರಲ್ಲೂ ಓಡಿಸಿ, ಔಟ್‌ಪುಟ್, ದೋಷಸಂದೇಶ, ನಿರ್ಗಮನ ಸಂಖ್ಯೆ ಇವುಗಳ ಜೊತೆಗೆ ತುಣುಕು ಮುಗಿದ ಮೇಲೆ ಶೆಲ್ಲಿನಲ್ಲಿ ಉಳಿದ ಸ್ಥಿತಿಯನ್ನೂ ಹೋಲಿಸುವ ಸ್ಕ್ರಿಪ್ಟನ್ನು ಸಿದ್ಧಪಡಿಸಿದೆ. ಅದೇ ತುಣುಕು ಸಬ್‌ಶೆಲ್ಲಿನಲ್ಲಿ (ಶೆಲ್ಲಿನ ಮಗು ಪ್ರತಿಯಲ್ಲಿ), ಪೈಪಿನ ಎರಡೂ ತುದಿಗಳಲ್ಲಿ, ಟ್ರ್ಯಾಪಿನ (ಸಿಗ್ನಲ್ ಬಂದಾಗ ನಡೆಯಬೇಕಾದ ಕಮಾಂಡಿನ) ಒಳಗೆ ಮತ್ತು ಕಮಾಂಡ್ ಎಂಬ ಪೂರ್ವಪದದೊಡನೆಯೂ ಓಡುತ್ತಿತ್ತು.

ಈ ಕೊನೆಯ ಸಂದರ್ಭಕ್ಕೆ ವಿಶೇಷ ಮಹತ್ವವಿದೆ. ಪೋಸಿಕ್ಸ್ 15 ಕಮಾಂಡುಗಳನ್ನು ವಿಶೇಷ ಬಿಲ್ಟ್‌ಇನ್‌ಗಳೆಂದು ಬೇರೆ ಮಾಡಿದೆ. ಬ್ರೇಕ್, ಕೋಲನ್, ಇವಾಲ್, ಎಕ್ಸ್‌ಪೋರ್ಟ್, ಸೆಟ್, ಶಿಫ್ಟ್, ಟ್ರ್ಯಾಪ್ ಆ ಸಾಲಿನವು. ಅದೇ ಸಾಲಿನಲ್ಲಿ ಇವುಗಳಿಗೆ ಮೊದಲು ಬರೆದ ಚರದ ಬೆಲೆ ಕಮಾಂಡು ಮುಗಿದ ಮೇಲೂ ಉಳಿಯುತ್ತದೆ, ಮತ್ತು ಇವುಗಳಲ್ಲಿ ದೋಷವಾದರೆ ಸ್ಕ್ರಿಪ್ಟೇ ನಿಂತುಹೋಗುತ್ತದೆ. ಕಮಾಂಡ್ ಎಂಬ ಪೂರ್ವಪದ ಈ ಎರಡು ವಿಶೇಷ ಗುಣಗಳನ್ನೂ ತೆಗೆದುಹಾಕುತ್ತದೆ. ಇಲ್ಲದ ಫೈಲಿನಿಂದ ಇನ್‌ಪುಟ್ ತಿರುಗಿಸಿ ಟ್ರೂ ಕಮಾಂಡನ್ನು ಕರೆದರೆ ಡ್ಯಾಶ್ ದೂರು ಹೇಳಿ ಮುಂದಿನ ಸಾಲಿಗೆ ಹೋಗುತ್ತದೆ. ಅದೇ ಕೆಲಸವನ್ನು ಕೋಲನ್‌ನಿಂದ ಮಾಡಿಸಿದರೆ ಸ್ಕ್ರಿಪ್ಟು ಅಲ್ಲಿಗೇ ಮುಗಿಯುತ್ತದೆ. ವಿಚಿತ್ರವೆಂದರೆ ಎರಡನ್ನೂ ನಡೆಸುವುದು ಒಂದೇ ಸಿ ಫಂಕ್ಷನ್. ವ್ಯತ್ಯಾಸವಿರುವುದು ಬಿಲ್ಟ್‌ಇನ್‌ಗಳ ಪಟ್ಟಿಯ ಫೈಲಿನಲ್ಲಿ ಕೋಲನ್ನಿನ ಮುಂದಿರುವ ಒಂದಕ್ಷರದ ಗುರುತಿನಲ್ಲಿ. ಆ ಫೈಲನ್ನು ಓದಿ ಸಿ ಕೋಷ್ಟಕವನ್ನು ತಯಾರಿಸುವ ಸ್ಕ್ರಿಪ್ಟು ಹೆಸರುಗಳನ್ನು ಸಿ ಲೊಕೇಲ್‌ನ (ಅಕ್ಷರಗಳ ಸಂಖ್ಯಾಬೆಲೆಯ) ಕ್ರಮದಲ್ಲೇ ಜೋಡಿಸುತ್ತದೆ, ಏಕೆಂದರೆ ಓಡುವಾಗ ಹುಡುಕಾಟ ನಡೆಯುವುದು ಬೈನರಿ ಸರ್ಚ್‌ನಿಂದ.

ಮೊದಲು ಬಿಡಿಸಿದ್ದು ಹಂಚಿಕೊಂಡ ಫಂಕ್ಷನ್‌ಗಳನ್ನು. ಬ್ರೇಕ್ ಮತ್ತು ಕಂಟಿನ್ಯೂ ಎರಡಕ್ಕೂ ಡ್ಯಾಶ್‌ನಲ್ಲಿ ಒಂದೇ ಫಂಕ್ಷನ್ ಇದೆ. ತನ್ನನ್ನು ಕರೆದ ಹೆಸರಿನ ಮೊದಲ ಅಕ್ಷರ ಸಿ ಆಗಿದೆಯೇ ಎಂದು ನೋಡಿ ಅದು ದಾರಿ ನಿರ್ಧರಿಸುತ್ತದೆ. ಎಕ್ಸ್‌ಪೋರ್ಟ್ ಮತ್ತು ರೀಡ್‌ಓನ್ಲಿ ಜೋಡಿಯಲ್ಲಿ ಆರ್ ಅಕ್ಷರ, ಎಫ್‌ಜಿ ಮತ್ತು ಬಿಜಿ ಜೋಡಿಯಲ್ಲಿ ಎಫ್ ಅಕ್ಷರ ಇದೇ ಕೆಲಸ ಮಾಡುತ್ತವೆ. ಸ್ಮರಣೆಯ ಒಂದೊಂದು ಬೈಟನ್ನೂ ಲೆಕ್ಕ ಹಾಕುತ್ತಿದ್ದ ಕಾಲದ ಈ ಜಾಣತನ ನನಗೆ ಇಷ್ಟವೇ, ಆದರೂ ಉಳಿಸಿಕೊಳ್ಳಲಿಲ್ಲ. ಸಾಮಾನ್ಯ ಭಾಗವನ್ನು ಒಂದು ಒಳ ಫಂಕ್ಷನ್ನಿಗೆ ಸರಿಸಿ, ಅದಕ್ಕೆ ಬೇಕಾದ ಬೆಲೆಯನ್ನು ಸ್ಪಷ್ಟವಾಗಿ ಕಳಿಸುವ ಎರಡು ತೆಳ್ಳನೆಯ ಫಂಕ್ಷನ್‌ಗಳನ್ನು ಮೇಲಿಟ್ಟು, ಪಟ್ಟಿಯ ಫೈಲಿನಲ್ಲಿ ಒಂದು ಸಾಲನ್ನು ಎರಡಾಗಿಸಿದೆ. ಫಂಕ್ಷನ್ನಿನ ಹೆಸರಿನಿಂದಲೇ ಮ್ಯಾಕ್ರೋಗಳೂ ಹುಟ್ಟುವುದರಿಂದ, ಬೇರೆಡೆ ಬಳಕೆಯಲ್ಲಿರುವ ಹೆಸರನ್ನು ಬದಲಿಸಿದರೆ ಕಂಪೈಲರೇ ತಡೆಯುತ್ತದೆ ಎಂಬುದು ಒಂದು ಧೈರ್ಯ.

ಆಪ್ಷನ್ ಓದುವ ನೆಕ್ಸ್ಟ್‌ಆಪ್ಟ್ ಫಂಕ್ಷನ್ ಇಡೀ ಕೆಲಸದ ತಿರುಳು. ಕಮಾಂಡಿನ ಹೆಸರು, ಉಳಿದ ಆರ್ಗ್ಯುಮೆಂಟುಗಳು, ಆಪ್ಷನ್ ಓದಿ ನಿಲ್ಲಿಸಿದ ಜಾಗ, ಔಟ್‌ಪುಟ್ ಬಫರ್ ಇಷ್ಟನ್ನು ಹೊತ್ತ ಒಂದು ಸ್ಟ್ರಕ್ಟನ್ನು (ಹಲವು ಚರಗಳ ಕಟ್ಟನ್ನು) ಮಾಡಿ, ಅದರ ಪಾಯಿಂಟರನ್ನು ಪ್ರತಿ ಬಿಲ್ಟ್‌ಇನ್ನಿಗೂ, ಅಲ್ಲಿಂದ ನೆಕ್ಸ್ಟ್‌ಆಪ್ಟ್‌ಗೂ ಕಳಿಸುವಂತೆ ಬದಲಿಸಿದೆ. ಗ್ಲೋಬಲ್‌ಗಳನ್ನು ಒಂದೇ ಏಟಿಗೆ ಅಳಿಸದೆ, ಸ್ಟ್ರಕ್ಟು ಮತ್ತು ಗ್ಲೋಬಲ್ ಎರಡನ್ನೂ ತುಂಬುತ್ತ, ಒಂದು ಕಮಿಟ್ಟಿಗೆ ಒಂದು ಬಿಲ್ಟ್‌ಇನ್ನಿನಂತೆ ಸಾಗಿಸಿದೆ. ಹೀಗೆ ಓದುವಾಗ ಟ್ರ್ಯಾಪ್ ಕಮಾಂಡು ಯಾವ ಆಪ್ಷನ್ನೂ ಇಲ್ಲದ ಖಾಲಿ ಪಟ್ಟಿಯೊಡನೆ ನೆಕ್ಸ್ಟ್‌ಆಪ್ಟನ್ನು ಕರೆಯುವುದು ಕಾಣುತ್ತದೆ. ಅದು ವ್ಯರ್ಥವಲ್ಲ: ಆ ಕರೆ ಎರಡು ಅಡ್ಡಗೆರೆಗಳನ್ನು ನುಂಗುತ್ತದೆ, ಮತ್ತು ಟ್ರ್ಯಾಪ್ ತನ್ನ ಪಟ್ಟಿಯನ್ನು ಮುದ್ರಿಸುವಾಗ ಅದೇ ಎರಡು ಅಡ್ಡಗೆರೆಗಳನ್ನು ಸೇರಿಸಿಯೇ ಬರೆಯುತ್ತದೆ. ತೆಗೆದುಹಾಕಿದರೆ ಶೆಲ್ ತಾನೇ ಬರೆದದ್ದನ್ನು ತಾನೇ ಓದಲಾಗದೆ ಹೋಗುತ್ತದೆ. ಎಕೋ ಇದಕ್ಕೆ ತದ್ವಿರುದ್ಧ. ಅದು ನೆಕ್ಸ್ಟ್‌ಆಪ್ಟನ್ನು ಕರೆಯುವುದೇ ಇಲ್ಲ, ಎರಡು ಅಡ್ಡಗೆರೆಗಳನ್ನು ಹಾಗೆಯೇ ಮುದ್ರಿಸುತ್ತದೆ. ಕಿಲ್ ಮೊದಲ ಆರ್ಗ್ಯುಮೆಂಟನ್ನು ಸಿಗ್ನಲ್ ಎಂದು ಓದಲು ಯತ್ನಿಸಿ, ಆಗದಿದ್ದರೆ ಮಾತ್ರ ಆಪ್ಷನ್‌ಗಳ ಕಡೆ ತಿರುಗುತ್ತದೆ. ಎಲ್ಲ ಬಿಲ್ಟ್‌ಇನ್‌ಗಳಿಗೂ ಒಂದೇ ಬಗೆಯ ಆಪ್ಷನ್ ಓದುವಿಕೆಯನ್ನು ಹೇರುವ ಆಸೆಯನ್ನು ಇಂಥವುಗಳಿಗಾಗಿಯೇ ಬಿಟ್ಟೆ.

ಸೆಟ್‌ಜಂಪ್ ಗುರುತಿಟ್ಟ ಜಾಗಕ್ಕೆ ಹಾರುವ ಲಾಂಗ್‌ಜಂಪ್‌ನ ವಿಷಯದಲ್ಲಿ ಹೆಚ್ಚು ಕಾಲ ಕಳೆಯಿತು. ಬಿಲ್ಟ್‌ಇನ್ನಿನೊಳಗೆ ದೋಷ ಎದ್ದರೆ ನಿಯಂತ್ರಣ ನೇರವಾಗಿ ಇವಾಲ್‌ಬಿಲ್ಟಿನ್‌ಗೆ ಹಾರುತ್ತದೆ. ನಡುವಿನ ಫಂಕ್ಷನ್‌ಗಳಿಗೆ ತಮ್ಮ ಸ್ಮರಣೆಯನ್ನು ಬಿಡುಗಡೆ ಮಾಡುವ ಅವಕಾಶವೇ ಸಿಗುವುದಿಲ್ಲ. ಡ್ಯಾಶ್ ತಾತ್ಕಾಲಿಕ ಸ್ಮರಣೆಯನ್ನು ತನ್ನದೇ ಸ್ಟ್ಯಾಕಿನಿಂದ ಪಡೆದು ಗುರುತಿನವರೆಗೆ ಒಟ್ಟಿಗೇ ಹಿಂದಿರುಗಿಸುವುದು ಇದಕ್ಕಾಗಿಯೇ. ಆದ್ದರಿಂದ ಹೊಸದಾಗಿ ಬೇರ್ಪಡಿಸಿದ ಯಾವ ಸಹಾಯಕ ಫಂಕ್ಷನ್ನೂ ಮ್ಯಾಲಕ್ (ಬರೆದವರೇ ಬಿಡುಗಡೆ ಮಾಡಬೇಕಾದ ಸ್ಮರಣೆಯನ್ನು ಕೊಡುವ ಫಂಕ್ಷನ್) ಬಳಸದಂತೆ ನೋಡಿಕೊಂಡೆ. ನನ್ನ ಸ್ಟ್ರಕ್ಟು ಇವಾಲ್‌ಬಿಲ್ಟಿನ್‌ನ ಸ್ಥಳೀಯ ಚರವಾದ್ದರಿಂದ ಸಿ ಭಾಷೆಯ ಇನ್ನೊಂದು ನಿಯಮವೂ ಎದುರಾಗುತ್ತದೆ: ಸೆಟ್‌ಜಂಪ್‌ನ ನಂತರ ಬದಲಾದ, ವೊಲಟೈಲ್ ಎಂದು ಘೋಷಿಸದ ಸ್ಥಳೀಯ ಚರದ ಬೆಲೆ ಹಾರಿ ಬಂದ ಮೇಲೆ ಏನಿರುತ್ತದೆಂದು ಭಾಷೆ ಖಾತರಿ ಕೊಡುವುದಿಲ್ಲ. ಹೀಗಾಗಿ ದೋಷದ ದಾರಿಯಲ್ಲಿ ಸ್ಟ್ರಕ್ಟಿನಿಂದ ಏನನ್ನೂ ಓದುವುದಿಲ್ಲ. ಸೆಟ್‌ಜಂಪ್‌ಗೆ ಮೊದಲೇ ಉಳಿಸಿಕೊಂಡ ಹಳೆಯ ಹೆಸರು ಮತ್ತು ಹ್ಯಾಂಡ್ಲರ್‌ಗಳನ್ನಷ್ಟೇ ಮರಳಿಸುತ್ತೇನೆ.

ಔಟ್‌ಪುಟ್ ಬಫರನ್ನು ಸ್ಟ್ರಕ್ಟಿಗೆ ತಂದ ಮೇಲೆ, ಬಿಲ್ಟ್‌ಇನ್ ಮುಗಿದೊಡನೆ ಬಫರ್ ಬರಿದು ಮಾಡಿ ಬರೆಯುವಾಗಿನ ದೋಷವನ್ನು ನಿರ್ಗಮನ ಸಂಖ್ಯೆಗೆ ಸೇರಿಸುವ ಹೆಜ್ಜೆ ಉಳಿದಿದೆಯೇ ಎಂದು ನೋಡಲು, ಎಕೋವಿನ ಔಟ್‌ಪುಟ್ಟನ್ನು ಲಿನಕ್ಸಿನ ಸದಾ ತುಂಬಿರುವ ಫುಲ್ ಸಾಧನಕ್ಕೆ ತಿರುಗಿಸಿದ ಪರೀಕ್ಷೆ ಸಾಕಾಯಿತು. ರೀಡ್‌ಗೆ ಪೈಪಿನ ಪರೀಕ್ಷೆ ಬೇಕು: ಎರಡು ಸಾಲು ಕೊಟ್ಟು, ಒಂದನ್ನು ರೀಡ್ ಓದಿದ ಮೇಲೆ ಎರಡನೆಯದು ಅದರ ಹಿಂದೆಯೇ ಬರುವ ಕ್ಯಾಟ್‌ಗೆ ಸಿಗಲೇಬೇಕು. ವೇಗಕ್ಕೆಂದು ಅಲ್ಲಿ ಬಫರ್ ಸೇರಿಸುವವರು ಈ ಪರೀಕ್ಷೆಯನ್ನು ದಾಟಲಾರರು.

ಟೆಸ್ಟ್ ಮತ್ತು ಪ್ರಿಂಟ್‌ಎಫ್ ಫೈಲುಗಳಲ್ಲಿಯೂ ಸ್ಟ್ಯಾಟಿಕ್ ಪಾಯಿಂಟರುಗಳಿವೆ. ಅವನ್ನು ಮುಟ್ಟಲಿಲ್ಲ, ಏಕೆಂದರೆ ಅವೆರಡೂ ನಡುವೆ ಶೆಲ್ಲಿನ ಇವಾಲ್ ಭಾಗಕ್ಕೆ ಮರಳಿ ಹೋಗುವುದಿಲ್ಲ; ತಮ್ಮ ಚರದ ಮೇಲೆ ತಾವೇ ಮತ್ತೆ ಬರೆಯುವ ಸಂದರ್ಭ ಅಲ್ಲಿಲ್ಲ. ಸ್ಕ್ರಿಪ್ಟುಗಳು ತಮ್ಮ ಆಪ್ಷನ್ ಓದಲು ಬಳಸುವ ಗೆಟ್‌ಆಪ್ಟ್ಸ್‌ನ ಸ್ಥಿತಿ ಶೆಲ್ಲಿನ ಪೊಸಿಷನಲ್ ಪ್ಯಾರಾಮೀಟರುಗಳ (ಸ್ಕ್ರಿಪ್ಟಿಗೆ ಕೊಟ್ಟ ಆರ್ಗ್ಯುಮೆಂಟುಗಳ) ಸ್ಟ್ರಕ್ಟಿನಲ್ಲೇ ಇದ್ದು, ಶೆಲ್ ಫಂಕ್ಷನ್ನಿನ ಕರೆಯೊಡನೆ ಉಳಿದು ಮರಳುತ್ತದೆ. ಅದನ್ನು ನನ್ನ ಸ್ಟ್ರಕ್ಟಿಗೆ ತಂದರೆ ಒಂದು ಕರೆಯಿಂದ ಮುಂದಿನ ಕರೆಗೆ ಎಣಿಕೆ ತಪ್ಪುವುದರಿಂದ, ಅದೂ ಇದ್ದಲ್ಲಿಯೇ ಇದೆ.